ಮೊದಲು ತೋರಿಸಿ, ಆಮೇಲೆ ಹೇಳಿ: ಮಕ್ಕಳೊಂದಿಗೆ ದಕ್ಷಿಣೇಶ್ವರ

ನದಿ ಎಲ್ಲಿಗೆ ಹರಿಯುತ್ತದೆ ಎಂದು ಮಗುವನ್ನು ಕೇಳಿ ನೋಡಿ. ಸಮುದ್ರಕ್ಕೆ ಎನ್ನುತ್ತದೆ. ನಾವು ಕಲಿಸಿದ್ದೂ ಅದನ್ನೇ. ಈಗ ಆ ಮಗುವನ್ನು ಕೋಲ್ಕತ್ತಾದ ಉತ್ತರದ ಅಂಚಿನಲ್ಲಿರುವ ದಕ್ಷಿಣೇಶ್ವರಕ್ಕೆ ಕರೆದುಕೊಂಡು ಹೋಗಿ, ಘಾಟಿನ ಮೇಲಿನ ಮೆಟ್ಟಿಲಲ್ಲಿ ಕೂರಿಸಿ. ಎದುರಿಗೆ ಅಗಲವಾದ ಹೊಳೆ. ಭೂಪಟದಲ್ಲಿ ಅದರ ಹೆಸರು ಹೂಗ್ಲಿ. ಅಲ್ಲಿನ ಜನಕ್ಕೆ ಗಂಗೆ. ಹೊಳೆಗೆ ಮುಖ ಮಾಡಿ ಕೂತರೆ ಎಡಗೈ ಕಡೆ ದಕ್ಷಿಣ, ಸಮುದ್ರವಿರುವ ದಿಕ್ಕು. ನಮ್ಮ ಕೆರೆಗಳ ಅಂತರಗಂಗೆಯಂಥ ಜಲಕಳೆ ನೀರಿನ ಮೇಲೆ ಗುಂಪುಗುಂಪಾಗಿ ತೇಲುತ್ತಿರುತ್ತದೆ. ಅದು ಎಡಕ್ಕೆ ಸಾಗುತ್ತಿದ್ದರೆ ಪಾಠಪುಸ್ತಕ ಹೇಳಿದ್ದು ಸರಿ. ಆದರೆ ದಿನಕ್ಕೆ ಎರಡು ಸಲ ಅದೇ ಕಳೆ ತಡೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ನಿಂತಲ್ಲೇ ಸುತ್ತುತ್ತದೆ, ಆಮೇಲೆ ಬಲಕ್ಕೆ, ಬಂದ ದಾರಿಗೇ ವಾಪಸು ಹೊರಡುತ್ತದೆ.

ಮಗು ನಿಮ್ಮ ಮುಖ ನೋಡುತ್ತದೆ. ಆಗ ತಕ್ಷಣ ಉತ್ತರ ಹೇಳಿಬಿಡಬೇಡಿ ಎನ್ನುವುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ವರ್ಗವಾಗಿ ಕೋಲ್ಕತ್ತಾಕ್ಕೆ ಬಂದ ಕನ್ನಡದ ಸಂಸಾರಗಳಿಗೆ, ಕಾಶಿ ಗಯಾ ಮುಗಿಸಿ ಎರಡು ದಿನಕ್ಕೆಂದು ಇಲ್ಲಿ ಇಳಿಯುವವರಿಗೆ, ರಜೆಯಲ್ಲಿ ಮಕ್ಕಳಿಗೆ ಏನು ತೋರಿಸುವುದು ಎಂದು ಯೋಚಿಸುವವರಿಗೆ ಈ ಪರಿಚಯ. ಹೆಚ್ಚಿನವರು ದಕ್ಷಿಣೇಶ್ವರಕ್ಕೆ ಬಂದು, ಸಾಲಿನಲ್ಲಿ ನಿಂತು, ದರ್ಶನ ಮಾಡಿ, ಪೇಡ ಕೊಂಡು ಹೊರಟುಬಿಡುತ್ತಾರೆ. ಮಕ್ಕಳಿಗೆ ನೆನಪಿರುವುದು ಸಾಲು ಮಾತ್ರ. ನೀವು ಅರ್ಧ ದಿನ ಕೊಡಿ. ಈ ಜಾಗ ಒಂದು ದೊಡ್ಡ ಶಾಲೆ. ಆದರೆ ಅವಸರದವರಿಗೆ ಅದರ ಬಾಗಿಲು ತೆರೆಯುವುದಿಲ್ಲ.

ಹೋಗುವ ದಾರಿಯೇ ಒಂದು ಪಾಠ

ಹೌರಾ ನಿಲ್ದಾಣದಲ್ಲಿ ಇಳಿದವರು ಮೆಟ್ರೋ ಹಿಡಿಯಿರಿ. ಹೌರಾದಿಂದ ಎಸ್‌ಪ್ಲನೇಡ್‌ಗೆ ಹೋಗುವ ಸುರಂಗ ಗಂಗೆಯ ತಳದ ಅಡಿಯಲ್ಲಿದೆ. ಭಾರತದಲ್ಲಿ ನದಿಯ ಕೆಳಗೆ ಮೆಟ್ರೋ ಓಡಿದ್ದು ಇಲ್ಲೇ ಮೊದಲು, 2024ರ ಮಾರ್ಚಿನಲ್ಲಿ. ಈಗ ನಮ್ಮ ತಲೆಯ ಮೇಲೆ ಹೊಳೆ ಹರಿಯುತ್ತಿದೆ ಎಂದಷ್ಟೇ ಮಗುವಿನ ಕಿವಿಯಲ್ಲಿ ಹೇಳಿ, ಸುಮ್ಮನಿರಿ. ಎಸ್‌ಪ್ಲನೇಡ್‌ನಲ್ಲಿ ಇಳಿದು ಉತ್ತರ–ದಕ್ಷಿಣ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಉತ್ತರದ ಕೊನೆಯ ನಿಲ್ದಾಣವೇ ದಕ್ಷಿಣೇಶ್ವರ. 1984ರಲ್ಲಿ ದೇಶದ ಮೊದಲ ಮೆಟ್ರೋ ಓಡಿದ್ದು ಇದೇ ಮಾರ್ಗದ ಒಂದು ತುಂಡಿನಲ್ಲಿ. ಅದು ದಕ್ಷಿಣೇಶ್ವರದವರೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ.

ನಿಲ್ದಾಣದಿಂದ ದೇವಸ್ಥಾನದ ಕಡೆಗೆ ರಸ್ತೆಯ ಮೇಲೆತ್ತರದಲ್ಲಿ ನಡೆಯುವ ದಾರಿ ಇದೆ. 2018ರಲ್ಲಿ ತೆರೆದ ಇದಕ್ಕೆ ದೇವಸ್ಥಾನ ಕಟ್ಟಿಸಿದ ರಾಣಿ ರಾಸಮಣಿಯವರ ಹೆಸರು. ಎಸ್ಕಲೇಟರ್ ಉಂಟು, ನೆರಳುಂಟು, ವಾಹನಗಳ ಭಯವಿಲ್ಲ. ಅಜ್ಜ ಅಜ್ಜಿಯನ್ನು ಕರೆತಂದವರಿಗೂ ಕಂಕುಳಲ್ಲಿ ಕೂಸಿರುವವರಿಗೂ ದೊಡ್ಡ ಅನುಕೂಲ. ದಾರಿಯುದ್ದಕ್ಕೂ ಅಂಗಡಿಗಳು: ಕೆಂಪು ದಾಸವಾಳದ ಹಾರ, ಪೇಡ, ಊದುಬತ್ತಿ, ಶಂಖದ ಬಳೆ. ಪೂಜೆಯ ಬುಟ್ಟಿಗೆ ಬಂಗಾಳಿಗಳು 'ಡಾಲಾ' ಎನ್ನುತ್ತಾರೆ, ದಾಸವಾಳಕ್ಕೆ 'ಜಬಾ'. ದರ ಕೇಳಲು 'ಕೋತೋ?' ಎಂದರೆ ಸಾಕು. ಗಂಡಸರನ್ನು 'ದಾದಾ' ಎಂದೂ ಹೆಂಗಸರನ್ನು 'ದಿದಿ' ಎಂದೂ, ಹಿರಿಯ ಹೆಂಗಸರನ್ನು 'ಮಾಶಿ' ಎಂದೂ ಕರೆಯಿರಿ. ನಮ್ಮಲ್ಲಿ ಅಣ್ಣಾ, ಅಕ್ಕಾ ಎಂದ ಹಾಗೆ. ಮಕ್ಕಳ ಬಾಯಿಂದ ಈ ನಾಲ್ಕು ಮಾತು ಹೊರಟರೆ ಅಂಗಡಿಯವರ ಮುಖವೇ ಬೇರೆಯಾಗುತ್ತದೆ.

ಒಳಗೆ ಹೋಗುವ ಮುನ್ನ ಚಪ್ಪಲಿ, ಚೀಲ, ಮೊಬೈಲ್ ಎಲ್ಲವನ್ನೂ ಕೌಂಟರಿನಲ್ಲಿ ಇಡಬೇಕು. ಕೈಯಲ್ಲಿ ಫೋನ್ ಇರುವುದಿಲ್ಲವಾದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಗರ್ಭಗುಡಿಯ ಎದುರಿನ ಕಂಬಗಳ ನಾಟಮಂದಿರ ಅದಕ್ಕೆ ಒಳ್ಳೆಯ ಗುರುತು. ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿನಲ್ಲಿ ಇಟ್ಟಿರಿ. ಮಧ್ಯಾಹ್ನ ಕೆಲವು ಗಂಟೆ ದೇವಸ್ಥಾನ ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಸಾಲೂ ಚಿಕ್ಕದು, ಅಂಗಳದ ಕಲ್ಲೂ ತಣ್ಣಗಿರುತ್ತದೆ. ಬರಿಗಾಲಿನ ಮಕ್ಕಳಿಗೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಗಲ್ಲು ತಡೆಯಲಾಗದು.

ಎಣಿಸಲು ಬಿಡಿ

ಅಂಗಳಕ್ಕೆ ಬಂದ ಕೂಡಲೇ ಮಕ್ಕಳಿಗೆ ಒಂದು ಕೆಲಸ ಕೊಡಿ: ದೊಡ್ಡ ಗುಡಿಯ ಮೇಲೆ ಶಿಖರ ಎಷ್ಟು? ಕೆಳಗಿನ ಹಂತದ ನಾಲ್ಕು ಮೂಲೆಗೆ ನಾಲ್ಕು, ಮೇಲಿನ ಹಂತದ ಮೂಲೆಗಳಿಗೆ ನಾಲ್ಕು, ನಡುವೆ ಎಲ್ಲಕ್ಕಿಂತ ಎತ್ತರದ್ದೊಂದು. ಒಟ್ಟು ಒಂಬತ್ತು. ಇದಕ್ಕೆ 'ನವರತ್ನ' ಶೈಲಿ ಎನ್ನುತ್ತಾರೆ. ಶಿಖರಕ್ಕೆ ಇಲ್ಲಿ 'ರತ್ನ' ಎಂದೇ ಹೆಸರು. ಎತ್ತರ ನೂರು ಅಡಿಗೆ ಮೀರಿದ್ದು. ನಂತರ ಹೊಳೆಯ ಬದಿಗೆ ತಿರುಗಿ. ಸಾಲಾಗಿ ನಿಂತ ಶಿವನ ಗುಡಿಗಳನ್ನು ಎಣಿಸಲಿ. ಘಾಟಿಗೆ ಇಳಿಯುವ ಚಾಂದನಿ ಎಂಬ ಮಂಟಪದ ಒಂದು ಪಕ್ಕಕ್ಕೆ ಆರು, ಇನ್ನೊಂದು ಪಕ್ಕಕ್ಕೆ ಆರು; ಹನ್ನೆರಡೂ ಒಂದೇ ಅಚ್ಚು, ಒಳಗೆ ಕರಿಕಲ್ಲಿನ ಲಿಂಗ.

ಗುಡಿಗಳ ಮಾಡಿನ ಅಂಚು ನೇರವಾಗಿಲ್ಲ, ಬಿಲ್ಲಿನಂತೆ ಬಾಗಿದೆ. ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ ನಾಡಿನಲ್ಲಿ ಕಲ್ಲು ಬೇಕಾದಷ್ಟಿತ್ತು, ನಮ್ಮವರು ಕಲ್ಲನ್ನು ಕೆತ್ತಿದರು. ಬಂಗಾಳ ನದಿಗಳು ತಂದು ಹಾಕಿದ ಮಣ್ಣಿನ ನಾಡು. ಇಲ್ಲಿನವರು ಮಣ್ಣನ್ನು ಇಟ್ಟಿಗೆ ಮಾಡಿದರು. ಬಿದಿರನ್ನು ಬಗ್ಗಿಸಿ ಹುಲ್ಲು ಹೊದಿಸಿದ ಗುಡಿಸಲಿನ ಮಾಡು ಸುರಿಯುವ ಮಳೆಗೆ ಬೇಗ ನೀರು ಜಾರಿಸುತ್ತದೆ. ದೇವರಿಗೆ ಮನೆ ಕಟ್ಟುವಾಗ ಅದೇ ಆಕಾರವನ್ನು ಇಟ್ಟಿಗೆ, ಗಾರೆಯಲ್ಲಿ ಎತ್ತಿದರು. ಬೇಲೂರು, ಹಳೇಬೀಡು ನೋಡಿದ ಮಗುವಿಗೆ ಇದು ಸುಲಭವಾಗಿ ತಿಳಿಯುತ್ತದೆ: ಊರಿನ ನೆಲ ಯಾವುದೋ ದೇವರ ಗುಡಿಯೂ ಅದರದ್ದೇ.

ಗರ್ಭಗುಡಿಯಲ್ಲಿರುವವಳು ಭವತಾರಿಣಿ, ಮಲಗಿದ ಶಿವನ ಎದೆಯ ಮೇಲೆ ನಿಂತ ಕಾಳಿ. ಚಿಕ್ಕ ಮಕ್ಕಳು ಹೆದರಬಹುದು. ಹೆದರಬೇಡ ಎಂದು ಗದರುವ ಬದಲು ಬಲಗಡೆಯ ಎರಡು ಕೈಗಳನ್ನು ತೋರಿಸಿ. ಎಡಗೈಗಳಲ್ಲಿ ಖಡ್ಗವೂ ಕತ್ತರಿಸಿದ ರುಂಡವೂ ಇವೆ ನಿಜ. ಬಲಗೈಗಳಲ್ಲಿ ಒಂದು ಅಭಯ, ಇನ್ನೊಂದು ವರ. ಸುತ್ತ ನಿಂತ ಜನ 'ಮಾ, ಮಾ' ಎಂದು ಕೂಗುವುದು ಕೇಳಿಸಿಕೊಳ್ಳಲಿ. ಅಷ್ಟು ಹೊತ್ತಿಗೆ ಭಯ ಅರ್ಧ ಇಳಿದಿರುತ್ತದೆ. ತಾರಿಣಿ ಎಂದರೆ ದಾಟಿಸುವವಳು. ಹೊಳೆಯ ದಡದ ದೇವಿಗೆ ದೋಣಿಯ ಕೆಲಸ ಹೇಳುವ ಹೆಸರು.

ಕಟ್ಟಿಸಿದವರು ಯಾರು?

ಮಕ್ಕಳಿಗೆ ಕತೆ ಬೇಕು. ಇಲ್ಲಿ ಕತೆಗೆ ಬರವಿಲ್ಲ. 1793ರಲ್ಲಿ ಹಳ್ಳಿಯೊಂದರ ಬಡ ಮನೆಯಲ್ಲಿ ಹುಟ್ಟಿ, ಕೋಲ್ಕತ್ತಾದ ಜಾನ್‌ಬಜಾರಿನ ಶ್ರೀಮಂತರ ಮನೆಗೆ ಸೊಸೆಯಾಗಿ ಬಂದ ರಾಸಮಣಿ, ಗಂಡ ತೀರಿಕೊಂಡ ಮೇಲೆ ದೊಡ್ಡ ಆಸ್ತಿಯನ್ನು ತಾವೇ ನಡೆಸಿದರು. ಅವರು ರಾಜಮನೆತನದವರಲ್ಲ, ಜನ ಪ್ರೀತಿಯಿಂದ ರಾಣಿ ಎಂದರು. ಕಂಪನಿ ಸರ್ಕಾರ ಗಂಗೆಯಲ್ಲಿ ಬಲೆ ಬೀಸುವ ಬೆಸ್ತರ ಮೇಲೆ ತೆರಿಗೆ ಹಾಕಿದಾಗ ಬೆಸ್ತರು ಅವರ ಬಾಗಿಲಿಗೆ ಬಂದರಂತೆ. ರಾಣಿ ಹತ್ತು ಸಾವಿರ ರೂಪಾಯಿ ಕಟ್ಟಿ ಹೊಳೆಯ ಒಂದು ಭಾಗವನ್ನೇ ಗುತ್ತಿಗೆಗೆ ಪಡೆದು, ಅಡ್ಡಲಾಗಿ ಸರಪಳಿ ಬಿಗಿಸಿದರಂತೆ. ಹಡಗುಗಳು ನಿಂತವು. ಹಡಗು ಓಡಾಡಿದರೆ ನನ್ನ ಬೆಸ್ತರಿಗೆ ಮೀನು ಸಿಗುವುದಿಲ್ಲ ಎಂಬುದು ಅವರ ವಾದ. ಕೊನೆಗೆ ತೆರಿಗೆಯನ್ನು ಕೈಬಿಡಬೇಕಾಯಿತು. ಬಂಗಾಳದ ಮನೆಗಳಲ್ಲಿ ಇಂದಿಗೂ ಹೇಳುವ ಕತೆ ಇದು. ಹೊಳೆಯ ಮುಂದೆಯೇ ಕೂತು ಹೇಳಿದರೆ ಅದರ ರುಚಿ ಬೇರೆ.

ಅದೇ ರಾಣಿ 1847ರಲ್ಲಿ ಈ ದೇವಸ್ಥಾನದ ಕೆಲಸ ಶುರುಮಾಡಿಸಿದರು. ಮುಗಿಯಲು ಎಂಟು ವರ್ಷ ಹಿಡಿಯಿತು. ಅವರು ಕೈವರ್ತ ಜಾತಿಯವರಾದ ಕಾರಣ ಅಲ್ಲಿ ಪೂಜೆಗೆ ನಿಲ್ಲಲು ಬ್ರಾಹ್ಮಣರು ಹಿಂಜರಿದರು. ಒಪ್ಪಿ ಬಂದವರು ರಾಮಕುಮಾರರು. 1855ರ ಮೇ 31ರಂದು, ಸ್ನಾನಯಾತ್ರೆಯ ದಿನ, ದೇವಿಯ ಪ್ರತಿಷ್ಠೆ ನಡೆಯಿತು. ರಾಮಕುಮಾರರ ಜೊತೆ ಅವರ ತಮ್ಮ ಗದಾಧರ ಇದ್ದ, ಹತ್ತೊಂಬತ್ತರ ಹುಡುಗ. ಮುಂದೆ ಲೋಕ ಅವನನ್ನು ಶ್ರೀರಾಮಕೃಷ್ಣ ಪರಮಹಂಸ ಎಂದು ಕರೆಯಿತು.

ಅಂಗಳದಲ್ಲೇ ರಾಧಾಕಾಂತನ ಗುಡಿ ಇದೆ. ಅಲ್ಲಿಗೆ ಹೋದಾಗ ಈ ಪ್ರಸಂಗ ಹೇಳಿ. ಒಂದು ದಿನ ಅರ್ಚಕರ ಕೈಜಾರಿ ಕೃಷ್ಣನ ವಿಗ್ರಹದ ಪಾದ ಮುರಿಯಿತು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು, ಹೊಳೆಗೆ ಬಿಡಿ ಎಂದರು ಪಂಡಿತರು. ಗದಾಧರನ ಯೋಚನೆ ಬೇರೆ: ರಾಣಿಯ ಅಳಿಯನ ಕಾಲು ಮುರಿದರೆ ಅವನನ್ನು ಎಸೆದು ಬೇರೆಯವನನ್ನು ತರುತ್ತಾರೆಯೇ, ವೈದ್ಯರನ್ನು ಕರೆಸುವುದಿಲ್ಲವೇ? ಪಾದವನ್ನು ಆತನೇ ನಾಜೂಕಾಗಿ ಸೇರಿಸಿಕೊಟ್ಟ. ಆಟಿಕೆ ಮುರಿದು ಅತ್ತ ಮಗುವಿಗೆ ಇದಕ್ಕಿಂತ ಒಳ್ಳೆಯ ಧರ್ಮಬೋಧೆ ನನಗೆ ಗೊತ್ತಿಲ್ಲ.

ಎರಡು ಚಿಕ್ಕ ಕೋಣೆಗಳು

ದರ್ಶನದ ನಂತರ ಅಂಗಳದ ವಾಯವ್ಯ ಮೂಲೆಗೆ ನಡೆಯಿರಿ. ಅಲ್ಲೊಂದು ಸಾದಾ ಕೋಣೆ. ಮಂಚ, ಗೋಡೆಯ ಮೇಲೆ ದೇವರ ಪಟಗಳು, ಹೊಳೆಯ ಕಡೆಗೆ ಅರ್ಧಚಂದ್ರದಂತೆ ಬಾಗಿದ ಜಗಲಿ. ರಾಮಕೃಷ್ಣರು ಇಲ್ಲಿದ್ದದ್ದು ಸುಮಾರು 14 ವರ್ಷ. ಕಾಲೇಜು ಹುಡುಗ ನರೇಂದ್ರನಾಥ, ಮುಂದಿನ ವಿವೇಕಾನಂದ, 1881ರಲ್ಲಿ ಹುಡುಕಿಕೊಂಡು ಬಂದದ್ದು ಈ ಕೋಣೆಗೆ. ಜನ ಇಲ್ಲಿ ಮಾತಿಲ್ಲದೆ ಕೂತಿರುತ್ತಾರೆ. ಮಕ್ಕಳನ್ನೂ ಎರಡು ನಿಮಿಷ ಕೂರಿಸಿ. ಅದಕ್ಕಿಂತ ಹೆಚ್ಚು ಒತ್ತಾಯ ಬೇಡ.

ಅಲ್ಲಿಂದ ಉತ್ತರಕ್ಕೆ ನಾಲ್ಕು ಹೆಜ್ಜೆಯಲ್ಲಿ ನಹಬತ್, ಮಂಗಳವಾದ್ಯ ನುಡಿಸಲೆಂದು ಕಟ್ಟಿದ ಪುಟ್ಟ ಗೋಪುರ. ಅದರ ಕೆಳಗಿನ ಕೋಣೆಯಲ್ಲಿ ಶಾರದಾದೇವಿಯವರು ವರ್ಷಗಟ್ಟಲೆ ಬದುಕಿದರು. ಸುಮಾರು 50 ಚದರ ಅಡಿಯ ಎಂಟು ಮೂಲೆಯ ಗೂಡು. ಅಡಿಗೆ ಮೆಟ್ಟಿಲ ಕೆಳಗೆ. ಬಂದುಹೋಗುವ ಭಕ್ತರಿಗೆಲ್ಲ ರೊಟ್ಟಿ ಬೇಯುತ್ತಿದ್ದದ್ದು ಅಲ್ಲೇ. ಊರಿಗೆ ಹಿಂತಿರುಗಿದ ಮೇಲೆ ಮಕ್ಕಳು ತಮ್ಮ ಕೋಣೆಯನ್ನು ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ 50 ಚದರ ಅಡಿ ಗುರುತು ಹಾಕಲಿ. ಏಳು ಅಡಿ ಉದ್ದ, ಏಳು ಅಡಿ ಅಗಲ; ಅಷ್ಟೇ. ಆ ಗೆರೆಯೊಳಗೆ ನಿಂತಾಗ ತಿಳಿಯುವುದನ್ನು ಬಾಯಿಮಾತಿನಲ್ಲಿ ತಿಳಿಸಲಾಗದು.

ಕನ್ನಡದ ಮಕ್ಕಳಿಗೆ ಇನ್ನೂ ಒಂದು ನಂಟು ಇದೆ. ಕುವೆಂಪು ಅವರು ಎಳೆಯ ವಯಸ್ಸಿನಲ್ಲೇ ಮೈಸೂರಿನ ರಾಮಕೃಷ್ಣ ಆಶ್ರಮದ ಒಡನಾಟಕ್ಕೆ ಬಂದು, 1929ರಲ್ಲಿ ಈ ನೆಲಕ್ಕೆ ಯಾತ್ರೆ ಮಾಡಿ, ಹೊಳೆಯಾಚೆಯ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ರಾಮಕೃಷ್ಣರ ಜೀವನಚರಿತ್ರೆಯನ್ನೂ ವಿವೇಕಾನಂದರ ಜೀವನಚರಿತ್ರೆಯನ್ನೂ ಕನ್ನಡಕ್ಕೆ ಬರೆದುಕೊಟ್ಟರು. ಮಲೆನಾಡಿನ ಕಾಡಿನಿಂದ ಹೊರಟ ಹಾದಿಯೊಂದು ಈ ಹೊಳೆಯ ದಡಕ್ಕೂ ಬಂದಿತ್ತು ಎಂದು ಮಕ್ಕಳಿಗೆ ಹೇಳಿ.

ಪಂಚವಟಿಯಲ್ಲಿ ಒಬ್ಬ ಮೇಷ್ಟರು

ಇನ್ನೂ ಉತ್ತರಕ್ಕೆ ಹೋದರೆ ಪಂಚವಟಿ. ಆಲ, ಅರಳಿ, ಬಿಲ್ವ, ನೆಲ್ಲಿ, ಅಶೋಕ, ಐದು ಮರಗಳನ್ನು ನೆಟ್ಟು ಬೆಳೆಸಿದ ತಪೋವನ. ಮುಸಿಯಗಳು ಮರದಿಂದ ಮರಕ್ಕೆ ಹಾರುತ್ತಿರುತ್ತವೆ. ತಿಂಡಿಯ ಪೊಟ್ಟಣ ಮಗುವಿನ ಕೈಗೆ ಕೊಡಬೇಡಿ.

ಇಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ನಾನು ಪಾಠ ಹೇಳುವ ಕಸುಬಿನವನಾಗಿ ಬಹಳ ಸಲ ನೆನೆದಿದ್ದೇನೆ. ಮಹೇಂದ್ರನಾಥ ಗುಪ್ತ ಎಂಬ ಶಾಲೆಯ ಹೆಡ್‌ಮಾಸ್ಟರು ರಾಮಕೃಷ್ಣರ ಬಳಿಗೆ ಬರುತ್ತಿದ್ದರು. ಮನೆಗೆ ಹೋಗಿ ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಅದೇ ಮುಂದೆ ಬಂಗಾಳಿಯ 'ಕಥಾಮೃತ' ಆಯಿತು, ಕನ್ನಡದಲ್ಲಿ 'ವಚನವೇದ' ಆಯಿತು. ಒಂದು ದಿನ ಗಂಗೆಗೆ ಉಬ್ಬರ ಬಂತು. ನೀರು ದಡಕ್ಕೆ ಬಡಿಯುತ್ತ, ಸದ್ದು ಮಾಡುತ್ತ ಉತ್ತರಕ್ಕೆ ನುಗ್ಗಿತು. ರಾಮಕೃಷ್ಣರು ಕಣ್ಣು ಕೀಳದೆ ನೋಡಿದರು. ಅಲ್ಲೊಂದು ದೋಣಿ ಇತ್ತು, ಅದಕ್ಕೇನಾಗುತ್ತದೋ ಎಂದು ಮಗುವಿನಂತೆ ಕಾತರಪಟ್ಟರು. ಆಮೇಲೆ ಪಂಚವಟಿಯಲ್ಲಿ ಕೂತು, ಈ ಉಬ್ಬರ ಇಳಿತ ಏಕೆ ಆಗುತ್ತದೆ ಎಂದು ಕೇಳಿದರು. ಮೇಷ್ಟರು ಉತ್ಸಾಹದಿಂದ ನೆಲದ ಮೇಲೆ ಭೂಮಿ, ಚಂದ್ರ, ಸೂರ್ಯರ ಚಿತ್ರ ಬರೆದು ವಿವರಿಸತೊಡಗಿದರು. ಸ್ವಲ್ಪ ಹೊತ್ತಿಗೇ ರಾಮಕೃಷ್ಣರು ಸಾಕು ಎಂದುಬಿಟ್ಟರು. ಅವರಿಗೆ ತಲೆನೋವು ಬರುವಂತಾಗಿತ್ತು.

ಮೇಷ್ಟರ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ಚಂದ್ರ ಸಮುದ್ರದ ನೀರನ್ನು ಸೆಳೆಯುತ್ತಾನೆ, ಸೂರ್ಯನೂ ಕೈಜೋಡಿಸುತ್ತಾನೆ; ದಿನಕ್ಕೆ ಎರಡು ಸಲ ಉಬ್ಬಿದ ಕಡಲು ಹೂಗ್ಲಿಯ ಬಾಯಿಂದ ಒಳನುಗ್ಗಿ ಕೋಲ್ಕತ್ತಾವನ್ನೂ ದಾಟಿ ಮೇಲಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಜೋರು ಹೆಚ್ಚು. ಕೆಲವೊಮ್ಮೆ ನೀರು ಗೋಡೆಯಂತೆ ಎದ್ದು ಬರುತ್ತದೆ, ಅದಕ್ಕೆ ಇಲ್ಲಿ 'ಬಾನ್' ಎನ್ನುತ್ತಾರೆ. ಈ ನಗರ ಸಮುದ್ರದಿಂದ ದೂರವಿದ್ದೂ ಬಂದರು ಆದದ್ದಕ್ಕೆ ಈ ಉಬ್ಬರದ ನೆರವೂ ಕಾರಣ. ಹಡಗುಗಳು ಅದರ ಬೆನ್ನೇರಿ ಬಂದವು. ಇದೆಲ್ಲ ನಿಜ. ಆದರೆ ನೋಡುವ ಸಂತೋಷ ಮೊದಲು, ಪ್ರಶ್ನೆ ಆಮೇಲೆ, ವಿವರಣೆ ಕೊನೆಗೆ. ಅದೂ ಕೇಳುವವರ ತಲೆ ತಾಳುವಷ್ಟೇ. ಮಕ್ಕಳನ್ನು ಎಲ್ಲಿಗೆ ಕರೆದೊಯ್ದರೂ ನನಗೆ ಇದೇ ಸೂತ್ರ. ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಬೇಕು: ಕೆಳಗಿನ ಮೆಟ್ಟಿಲುಗಳು ಪಾಚಿಯಿಂದ ಜಾರುತ್ತವೆ, ನೀರಿನ ಸೆಳೆತ ಬಲವಾಗಿರುತ್ತದೆ. ಮಕ್ಕಳು ಮೇಲಿನ ಮೆಟ್ಟಿಲಲ್ಲೇ ಇರಲಿ.

ಹೊಟ್ಟೆಗೆ, ಆಮೇಲೆ ದೋಣಿಗೆ

ಇಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ದೇವಸ್ಥಾನದ ಸುತ್ತ ಬೆಳಗಿನಿಂದಲೇ ಕಚೂರಿ ಕರಿಯುತ್ತಾರೆ: ಇಂಗಿನ ಘಮದ ಉಬ್ಬಿದ ಕಚೂರಿ, ಜೊತೆಗೆ ಆಲೂಗಡ್ಡೆ ಪಲ್ಯ ಅಥವಾ ಕಡಲೆಬೇಳೆಯ ದಾಲ್, ಕೊನೆಗೆ ಬಿಸಿ ಜಿಲೇಬಿ. ಸಸ್ಯಾಹಾರಿಗಳು 'ನಿರಾಮಿಷ್' ಎಂಬ ಪದ ಕಲಿತಿರಿ, ಕೋಲ್ಕತ್ತಾದಲ್ಲೆಲ್ಲ ಕೆಲಸಕ್ಕೆ ಬರುತ್ತದೆ. ಚಳಿಗಾಲದಲ್ಲಿ ಬಂದರೆ ಈಚಲಿನ ಹೊಸ ಬೆಲ್ಲದ ಸಂದೇಶ ಬಿಡಬೇಡಿ.

ಮಧ್ಯಾಹ್ನದ ಮೇಲೆ ದೋಣಿ ಹತ್ತಿ ಬೇಲೂರು ಮಠಕ್ಕೆ ಹೊರಡಿ. ನಮ್ಮ ಹಾಸನದ ಬೇಲೂರಿಗೂ ಇದಕ್ಕೂ ಹೆಸರೊಂದೇ ಹೋಲಿಕೆ. ದೋಣಿ ಎರಡು ಸೇತುವೆಗಳ ಅಡಿಯಲ್ಲಿ ಹಾಯುತ್ತದೆ: ರೈಲೂ ಬಸ್ಸೂ ಓಡುವ ಹಳೆಯ ಕಬ್ಬಿಣದ ವಿವೇಕಾನಂದ ಸೇತು, ಅದರ ಪಕ್ಕದಲ್ಲೇ 2007ರ ನಿವೇದಿತಾ ಸೇತು. ಗುರುವಿನ ಊರಿನ ಮುಂದೆ ಶಿಷ್ಯನ ಹೆಸರೂ ಶಿಷ್ಯನ ಶಿಷ್ಯೆಯ ಹೆಸರೂ ಹೊಳೆಗೆ ಅಡ್ಡ ನಿಂತಿವೆ. ಬೆಳಿಗ್ಗೆ ಹೊಳೆಯ ಕೆಳಗೆ ಬಂದ ಮಗು ಈಗ ಹೊಳೆಯ ಮೇಲೆ ಹೋಗುತ್ತಿದೆ. ಕಳೆ ಯಾವ ಕಡೆ ತೇಲುತ್ತಿದೆ, ದೋಣಿ ನೀರಿನ ಜೊತೆ ಹೋಗುತ್ತಿದೆಯೋ ಎದುರಾಗಿಯೋ, ಮಗುವೇ ಹೇಳಲಿ.

ಬೇಲೂರು ಮಠದ ಶ್ರೀರಾಮಕೃಷ್ಣ ಮಂದಿರ 1938ರ ಸಂಕ್ರಾಂತಿಯ ವೇಳೆಗೆ, ಜನವರಿ 14ರಂದು ಪ್ರತಿಷ್ಠೆಯಾದದ್ದು. ದೇವಸ್ಥಾನ, ಚರ್ಚು, ಮಸೀದಿ ಮೂರರ ಆಕಾರಗಳೂ ಒಂದೇ ಕಟ್ಟಡದಲ್ಲಿ ಬೆರೆತಿವೆ; ಹುಡುಕಿ ತೋರಿಸುವ ಆಟಕ್ಕೆ ಇದು ಹೇಳಿಮಾಡಿಸಿದ ಜಾಗ. ಸಂಜೆಯ ಆರತಿಗೆ ವಿವೇಕಾನಂದರು ರಚಿಸಿದ ಸ್ತೋತ್ರ ಹಾಡುತ್ತಾರೆ. ಮೈಸೂರು, ಬೆಂಗಳೂರಿನ ಆಶ್ರಮಗಳಲ್ಲಿ ಸಂಜೆ ಕೂತ ಮಕ್ಕಳಿಗೆ ಆ ರಾಗ ಗೊತ್ತಿರುತ್ತದೆ. ದೂರದ ಊರಿನಲ್ಲಿ ಪರಿಚಿತ ದನಿ ಕೇಳಿದಾಗ ಅವರ ಕಣ್ಣು ನೋಡಿ.

ಯಾವಾಗ ಬರಬೇಕು?

ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ಮಂಗಳವಾರ, ಶನಿವಾರ, ಭಾನುವಾರ ನೂಕುನುಗ್ಗಲು ಹೆಚ್ಚು. ಬೇರೆ ವಾರ ಆರಿಸಿಕೊಳ್ಳಿ. ದೀಪಾವಳಿಯ ಅಮಾವಾಸ್ಯೆ ರಾತ್ರಿ ಕಾಳಿಪೂಜೆ, ಜನವರಿ 1ರ ಕಲ್ಪತರು ದಿನ, ಇವೆರಡೂ ದೊಡ್ಡ ಸಂಭ್ರಮಗಳು, ಆದರೆ ಪುಟ್ಟ ಮಕ್ಕಳಿಗೆ ಆ ಜನಸಾಗರ ತಡೆಯದು. ಏಪ್ರಿಲ್ ನಡುವೆ ಬರುವ ಬಂಗಾಳಿ ಹೊಸವರ್ಷ 'ಪೊಯ್ಲಾ ಬೊಯಿಶಾಖ್'ದಂದು ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ಹೊತ್ತು ಪೂಜೆಗೆ ಬರುತ್ತಾರೆ. ನಮ್ಮ ಅಂಗಡಿಗಳ ಲಕ್ಷ್ಮೀಪೂಜೆ ಕಂಡ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಬಿಸಿಲಿನ ತಿಂಗಳಲ್ಲಿ ಸಂಜೆಯ 'ಕಾಲಬೈಶಾಖಿ' ಬಿರುಗಾಳಿ ಕಂಡರೆ ಹೊಳೆದಡ ಬಿಟ್ಟು ಒಳಗೆ ಸೇರಿ, ದೋಣಿ ಹತ್ತಬೇಡಿ.

ಇನ್ನೂ ಎರಡು ದಿನ ಕೈಯಲ್ಲಿದ್ದರೆ ಅದೇ ಮೆಟ್ರೋ ಮಾರ್ಗ ಸಾಕು. ಶೋಭಾಬಜಾರಿನಲ್ಲಿ ಇಳಿದರೆ ಹೊಳೆಯ ಜೇಡಿಯಿಂದ ದುರ್ಗೆಯನ್ನು ಮಾಡುವ ಕುಮಾರಟುಲಿ. ಗಿರೀಶ್ ಪಾರ್ಕಿನ ಹತ್ತಿರ ರವೀಂದ್ರನಾಥ ಠಾಕೂರರ ಜೋಡಾಸಾಂಕೋ ಮನೆ. ಪಾರ್ಕ್ ಸ್ಟ್ರೀಟಿನಲ್ಲಿ 1814ರಲ್ಲಿ ಶುರುವಾದ, ದೇಶದ ಎಲ್ಲಕ್ಕಿಂತ ಹಳೆಯ ವಸ್ತುಸಂಗ್ರಹಾಲಯ. ಒಂದು ದಿನಕ್ಕೆ ಒಂದೇ ಜಾಗ ಇರಲಿ.

ಆದರೆ ಎಲ್ಲಿಗೆ ಹೋದರೂ ಹೊರಡುವ ಮುನ್ನ ಒಮ್ಮೆ ಹೊಳೆಯ ಬಳಿ ನಿಲ್ಲಿ. ಬೆಳಿಗ್ಗೆ ಬಲಕ್ಕೆ ಸಾಗಿದ ಜಲಕಳೆ ಸಂಜೆಗೆ ಎಡಕ್ಕೆ ತಿರುಗಿರಬಹುದು. ಮಗು ಈಗ ಏಕೆ ಎಂದು ಕೇಳುತ್ತದೆ. ಆಕಾಶದಲ್ಲಿ ಚಂದ್ರ ಬಂದಿದ್ದರೆ ಬೆರಳು ಮಾಡಿ ತೋರಿಸಿ. ಅವತ್ತಿಗೆ ಅಷ್ಟು ಪಾಠ ಸಾಕು.